ಕರುಣೆಯೋ ಕರ್ತವ್ಯವೋ: ಸಮುದ್ರದಲ್ಲಿ ಪ್ರಾಣ ಉಳಿಸಿದವರ ವಿಚಾರಣೆಯೂ ನಮ್ಮ ಪ್ರಸಂಗಗಳೂ

ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗುತ್ತಿರುವ ವಲಸಿಗರನ್ನು ಎತ್ತಿಕೊಂಡು ದಡ ಸೇರಿಸುವ ಸೇವಾಸಂಸ್ಥೆಗಳ ಹಡಗುಗಳನ್ನು ಕುರಿತು ಕ್ರೈಸ್ತ ಸಭೆಗಳಲ್ಲಿ ಮಾತು ಬಂದಾಗಲೆಲ್ಲ ಒಂದು ವೇದಭಾಗ ತಾನಾಗಿಯೇ ತೆರೆದುಕೊಳ್ಳುತ್ತದೆ. ಅದು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯ, ಒಳ್ಳೆಯ ಸಮಾರ್ಯದವನ ಸಾಮ್ಯ. ಪೋಪ್ ಫ್ರಾನ್ಸಿಸ್ ಅವರು 2013ರ ಜುಲೈ 8ರಂದು ಲಾಂಪೆದೂಸಾ ದ್ವೀಪದಲ್ಲಿ ಮಾಡಿದ ಪ್ರಸಂಗದಲ್ಲಿ, ಅರೆಜೀವವಾಗಿ ಬಿದ್ದವನನ್ನು ಕಂಡೂ ಪಕ್ಕಕ್ಕೆ ಸರಿದುಹೋದ ಯಾಜಕನೂ ಲೇವಿಯನೂ ನಾವೇ ಆಗಿದ್ದೇವೆಂದು ಎಚ್ಚರಿಸಿದರು. 2020ರಲ್ಲಿ ಹೊರಬಂದ ಅವರ 'ಫ್ರಾತೆಲ್ಲಿ ತುತ್ತಿ' ವಿಶ್ವಪತ್ರದ ಎರಡನೆಯ ಅಧ್ಯಾಯ ಪೂರ್ಣವಾಗಿ ಈ ಸಾಮ್ಯಕ್ಕೇ ಮೀಸಲಾಗಿದೆ. ಪ್ರೊಟೆಸ್ಟೆಂಟ್ ಪ್ರಸಂಗಿಗಳೂ ಇದಕ್ಕೆ ಹೊರತಲ್ಲ. ದಾರಿಯ ಬದಲು ಸಮುದ್ರ, ಕತ್ತೆಯ ಬದಲು ಹಡಗು, ಛತ್ರದ ಬದಲು ಬಂದರು ಎಂಬ ಹೋಲಿಕೆ ಎಷ್ಟು ಸುಲಭವೆಂದರೆ ಅದನ್ನು ಯಾರೂ ಎರಡು ಸಲ ಯೋಚಿಸಿದಂತೆ ಕಾಣುವುದಿಲ್ಲ.

ಈ ಹೋಲಿಕೆಯನ್ನು ವಿಮರ್ಶೆಗೆ ಒಳಪಡಿಸುವುದು ಈ ಲೇಖನದ ಉದ್ದೇಶ. ದೋಷವಿರುವುದು ಸಾಮ್ಯದಲ್ಲಲ್ಲ, ನಾವು ಅದನ್ನು ಬಳಸುವ ರೀತಿಯಲ್ಲಿ. ಸಮಾರ್ಯದವನನ್ನು ನಾವು ಸಾಮಾನ್ಯವಾಗಿ ತನ್ನ ಮೇಲೆ ಯಾವ ಹಂಗೂ ಇಲ್ಲದಿದ್ದರೂ ಕರುಣೆಯಿಂದ ಕರಗಿದ ಮನುಷ್ಯನೆಂದು ಚಿತ್ರಿಸುತ್ತೇವೆ. ಅವನು ಮಾಡದೆ ಹೋಗಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೂ ಮಾಡಿದನು, ಆದುದರಿಂದಲೇ ಅವನು ಒಳ್ಳೆಯವನು ಎಂಬುದು ನಮ್ಮ ಪ್ರಸಂಗಗಳ ತರ್ಕ. ಈ ತರ್ಕವನ್ನು ಸಮುದ್ರಕ್ಕೆ ಕೊಂಡೊಯ್ದ ಕೂಡಲೇ ಒಂದು ತಪ್ಪು ನಡೆದುಹೋಗುತ್ತದೆ. ಸಮುದ್ರದಲ್ಲಿ ಮುಳುಗುತ್ತಿರುವವನನ್ನು ಎತ್ತಿಕೊಳ್ಳುವುದು ಐಚ್ಛಿಕ ಪುಣ್ಯಕಾರ್ಯವಲ್ಲ. ಅದು ಹಡಗಿನ ಕಪ್ತಾನನ ಮೇಲೆ ಕಾನೂನು ಹೊರಿಸಿದ ಋಣ. ಋಣ ತೀರಿಸಿದವನನ್ನು ದಾನಿ ಎಂದು ಹೊಗಳುವುದರಿಂದ ಅವನಿಗೆ ಗೌರವ ಹೆಚ್ಚುವುದಿಲ್ಲ. ದಾನವನ್ನು ನಿಯಂತ್ರಿಸುವ, ಮಿತಿಗೊಳಿಸುವ, ಬೇಕಾದರೆ ನಿಷೇಧಿಸುವ ಅಧಿಕಾರ ತನಗಿದೆಯೆಂದು ಹೇಳುವ ಸರಕಾರಕ್ಕೆ ಮಾತ್ರ ಅದರಿಂದ ಅನುಕೂಲವಾಗುತ್ತದೆ.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡಬೇಕು. 1910ರಲ್ಲಿ ಬ್ರಸೆಲ್ಸ್‌ನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಹನ್ನೊಂದನೆಯ ವಿಧಿಯು, ತನ್ನ ಹಡಗಿಗೂ ಅದರಲ್ಲಿರುವವರಿಗೂ ಗಂಭೀರ ಅಪಾಯವಿಲ್ಲದಿದ್ದಲ್ಲಿ, ಸಮುದ್ರದಲ್ಲಿ ಪ್ರಾಣಾಪಾಯದಲ್ಲಿರುವ ಯಾರಿಗಾದರೂ ಕಪ್ತಾನನು ನೆರವಾಗಲೇಬೇಕೆಂದು ವಿಧಿಸಿತು. ಅಪಾಯದಲ್ಲಿರುವವನು ಶತ್ರುವಾಗಿದ್ದರೂ ಈ ಬಾಧ್ಯತೆ ತಪ್ಪದು ಎಂದು ಅದು ಸ್ಪಷ್ಟವಾಗಿ ಸೇರಿಸಿತು. ಶತ್ರುವನ್ನು ಕುರಿತ ಯೇಸುವಿನ ಮಾತು ರಾಷ್ಟ್ರಗಳ ನಡುವಣ ಒಪ್ಪಂದದಲ್ಲಿ ಇಷ್ಟು ನೇರವಾಗಿ ಕಾಣಸಿಗುವ ಇನ್ನೊಂದು ಸ್ಥಳ ಈ ಲೇಖಕನಿಗೆ ತಿಳಿದಿಲ್ಲ. ಟೈಟಾನಿಕ್ ದುರಂತದ ನಂತರ 1914ರಲ್ಲಿ ಆರಂಭವಾಗಿ 1974ರಲ್ಲಿ ಈಗಿನ ರೂಪ ಪಡೆದ ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದ, 1979ರ ಹ್ಯಾಂಬರ್ಗ್‌ನ ಶೋಧ ಮತ್ತು ರಕ್ಷಣೆಯ ಒಪ್ಪಂದ, 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 98ನೆಯ ವಿಧಿ ಇವೆಲ್ಲವೂ ಇದೇ ಬಾಧ್ಯತೆಯನ್ನು ದೃಢಪಡಿಸುತ್ತವೆ. ಮುಳುಗುತ್ತಿರುವವನ ರಾಷ್ಟ್ರೀಯತೆಯನ್ನಾಗಲಿ ಸ್ಥಾನಮಾನವನ್ನಾಗಲಿ ಕೇಳಬಾರದು. ರಕ್ಷಣೆಯು ಅವನನ್ನು ಸುರಕ್ಷಿತ ಸ್ಥಳದಲ್ಲಿ ಇಳಿಸುವವರೆಗೂ ಮುಂದುವರಿಯಬೇಕು. ಇದರಲ್ಲಿ ಒಂದು ಬಿರುಕೂ ಇದೆ. ಕಪ್ತಾನನ ಕರ್ತವ್ಯ ಸ್ಪಷ್ಟ, ಆದರೆ ಯಾವ ದೇಶ ತನ್ನ ಬಂದರನ್ನು ತೆರೆಯಬೇಕೆಂಬುದು ಅಷ್ಟು ಸ್ಪಷ್ಟವಲ್ಲ. 2004ರಲ್ಲಿ ತಿದ್ದುಪಡಿಗಳ ಮೂಲಕ ಇದನ್ನು ಸರಿಪಡಿಸಲು ಯತ್ನಿಸಲಾಯಿತು. ಮಾಲ್ಟಾ ಅವನ್ನು ಒಪ್ಪಿಕೊಳ್ಳಲಿಲ್ಲ. ಮುಂದಿನ ಬಹುತೇಕ ಕಥೆ ಈ ಬಿರುಕಿನಲ್ಲಿಯೇ ನಡೆದಿದೆ.

ಇನ್ನೊಂದು ಕಡೆಯಲ್ಲಿ ವಲಸೆಯ ಕಾನೂನು ನಿಂತಿದೆ. ಮನುಷ್ಯರ ಕಳ್ಳಸಾಗಣೆಯ ವಿರುದ್ಧ ವಿಶ್ವಸಂಸ್ಥೆಯು 2000ದಲ್ಲಿ ಅಂಗೀಕರಿಸಿದ ಪೂರಕ ಒಪ್ಪಂದವು ಹಣದ ಅಥವಾ ಇತರ ಭೌತಿಕ ಲಾಭದ ಉದ್ದೇಶವನ್ನು ಅಪರಾಧದ ಅಂಗವೆಂದು ಪರಿಗಣಿಸಿತು. ಎರಡು ವರ್ಷಗಳ ನಂತರ ಯುರೋಪಿಯನ್ ಒಕ್ಕೂಟವು ಹೊರಡಿಸಿದ ನಿರ್ದೇಶನದಲ್ಲಾದರೋ, ಅನಧಿಕೃತ ಪ್ರವೇಶಕ್ಕೆ ನೆರವಾದವನಿಗೆ ಲಾಭದ ಉದ್ದೇಶ ಇದ್ದಿರಲೇಬೇಕಿಲ್ಲ. ಮಾನವೀಯ ನೆರವನ್ನು ಶಿಕ್ಷೆಯಿಂದ ಹೊರಗಿಡುವುದು ಸದಸ್ಯ ರಾಷ್ಟ್ರಗಳ ಇಷ್ಟಕ್ಕೆ ಬಿಟ್ಟ ವಿಷಯವಾಯಿತು. ಗಮನಿಸಿರಿ: ಇಲ್ಲಿ ಮಾನವೀಯತೆಯು ವಿನಾಯಿತಿಯಾಗಿ ಬರುತ್ತದೆ. ಇದು ಅಪರಾಧದಂತೆ ಕಾಣುತ್ತದೆ, ಆದರೆ ಒಳ್ಳೆಯ ಮನಸ್ಸಿನಿಂದ ಮಾಡಿದ್ದರಿಂದ ಬೇಕಾದರೆ ಕ್ಷಮಿಸಬಹುದು ಎಂಬುದು ಅದರ ಧ್ವನಿ. ನಮ್ಮ ಸಮಾರ್ಯದವನ ಪ್ರಸಂಗಗಳೂ ಅರಿವಿಲ್ಲದೆ ಇದೇ ವ್ಯಾಕರಣವನ್ನು ಅನುಸರಿಸುತ್ತವೆ.

ಈ ಎರಡು ಕಾನೂನುಗಳು ಮುಖಾಮುಖಿಯಾದಾಗ ಮೊದಲು ಸಿಕ್ಕಿಬಿದ್ದವರು ಯಾರು? 2004ರಲ್ಲಿ 37 ಜನರನ್ನು ರಕ್ಷಿಸಿ ಸಿಸಿಲಿಗೆ ತಂದ 'ಕಾಪ್ ಅನಾಮೂರ್' ಎಂಬ ಜರ್ಮನ್ ಹಡಗಿನವರು ಬಂಧಿತರಾದರು. ಐದು ವರ್ಷಗಳ ನಂತರ ಬಿಡುಗಡೆಯ ತೀರ್ಪು ಬಂದಿತು. ಅದು ಸಾಕಷ್ಟು ಪ್ರಸಿದ್ಧವಾದ ಮೊಕದ್ದಮೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದಿದೆ. 2007ರ ಆಗಸ್ಟ್‌ನಲ್ಲಿ ಟ್ಯುನೀಸಿಯಾದ ಏಳು ಮಂದಿ ಮೀನುಗಾರರು ಮುಳುಗುತ್ತಿದ್ದ ದೋಣಿಯಿಂದ 44 ಜನರನ್ನು ಎತ್ತಿಕೊಂಡು ಲಾಂಪೆದೂಸಾಕ್ಕೆ ತಂದರು. ಅವರನ್ನೂ ಬಂಧಿಸಲಾಯಿತು. 2009ರಲ್ಲಿ ಐವರು ಬಿಡುಗಡೆಯಾದರು, ಇಬ್ಬರು ದೋಣಿನಾಯಕರಿಗೆ ಎರಡೂವರೆ ವರ್ಷಗಳ ಶಿಕ್ಷೆಯಾಯಿತು. 2011ರಲ್ಲಿ ಪಾಲೆರ್ಮೊದ ಮೇಲ್ಮನವಿ ನ್ಯಾಯಾಲಯ ಅವರನ್ನೂ ದೋಷಮುಕ್ತರೆಂದಿತು. ಬಲೆ, ದೋಣಿ, ಹಿಡಿದ ಮೀನು ಇವೇ ಆಸ್ತಿಯಾಗಿದ್ದ ಮನುಷ್ಯರಿಗೆ ನಾಲ್ಕು ವರ್ಷಗಳ ವ್ಯವಹಾರವೆಂದರೆ ಏನೆಂಬುದನ್ನು ಕರಾವಳಿಯ ಸಭೆಗಳಲ್ಲಿ ಸೇವೆ ಮಾಡಿದ ಸಭಾಪಾಲಕರಿಗೆ ವಿವರಿಸಬೇಕಾಗಿಲ್ಲ. ಯಾವ ಸಭೆಯೂ ಅವರಿಗಾಗಿ ಹಡಗು ಕೊಳ್ಳಲಿಲ್ಲ, ಯಾವ ಪ್ರಸಂಗದಲ್ಲಿಯೂ ಅವರು ಸಮಾರ್ಯದವರಾಗಲಿಲ್ಲ. ಸಾಮ್ಯದ ಸಮಾರ್ಯದವನು ಅನ್ಯಮತದ ಹೊರಗಿನವನು ಎಂಬುದನ್ನು ನೆನೆದರೆ, ನಿಜವಾಗಿ ಆ ಪಾತ್ರಕ್ಕೆ ಒಪ್ಪುವವರು ಇವರೇ ಆಗಿದ್ದರು.

2013ರ ಅಕ್ಟೋಬರ್ 3ರಂದು ಲಾಂಪೆದೂಸಾದ ದಡಕ್ಕೆ ಕಣ್ಣೆಟುಕುವ ದೂರದಲ್ಲಿ ದೋಣಿ ಮುಳುಗಿ 368 ಮಂದಿ ಸತ್ತರು. ಸತ್ತವರಿಗೆ ಇಟಲಿಯ ಪೌರತ್ವ ಕೊಡುವುದಾಗಿ ಪ್ರಧಾನಿ ಹೇಳಿದರು; ಬದುಕಿ ಉಳಿದವರ ಮೇಲೆ ಅಕ್ರಮ ಪ್ರವೇಶದ ಮೊಕದ್ದಮೆ ದಾಖಲಾಯಿತು. ಅದೇ ತಿಂಗಳು ಇಟಲಿಯ ನೌಕಾಪಡೆ 'ಮಾರೆ ನೊಸ್ತ್ರುಮ್' ಕಾರ್ಯಾಚರಣೆಯನ್ನು ಕೈಗೊಂಡು ಒಂದು ವರ್ಷದಲ್ಲಿ ಸುಮಾರು 1,50,000 ಜನರನ್ನು ರಕ್ಷಿಸಿತು. 2014ರ ಅಕ್ಟೋಬರ್ ಕೊನೆಗೆ ಅದು ನಿಂತಾಗ, ಅದರ ಜಾಗಕ್ಕೆ ಬಂದ ಯುರೋಪಿನ ಕಾರ್ಯಾಚರಣೆಯ ಗುರಿ ಗಡಿಯ ಕಾವಲಾಗಿತ್ತು. ಸೇವಾಸಂಸ್ಥೆಗಳು ಸಮುದ್ರಕ್ಕಿಳಿದದ್ದು ಈ ಖಾಲಿಯಾದ ಜಾಗವನ್ನು ತುಂಬಲು. ಅಂದರೆ ರಾಷ್ಟ್ರಗಳು ಮಾಡಬೇಕಾಗಿದ್ದ ಕೆಲಸವನ್ನು ಅವು ಮಾಡಿದವು. ಇದನ್ನು ಮರೆತು ನಾವು ಅವುಗಳ 'ದಯೆ'ಯನ್ನು ಹೊಗಳುವಾಗ, ಮೊದಲು ಯಾರು ಹಿಂದೆ ಸರಿದರೆಂಬ ಪ್ರಶ್ನೆ ಸದ್ದಿಲ್ಲದೆ ಮುಚ್ಚಿಹೋಗುತ್ತದೆ.

ಇಲ್ಲಿ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಬರಬೇಕು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಇರುವುದು ಹದಿನೆಂಟನೆಯ ವಚನದಲ್ಲಿ. ಲೂಕನ ಸಾಮ್ಯವು ಹುಟ್ಟುವುದೇ ಆ ಆಜ್ಞೆಯ ವ್ಯಾಖ್ಯಾನವಾಗಿ: ಧರ್ಮೋಪದೇಶಕನು ಬಂದು ಕೇಳುತ್ತಾನೆ, ಧರ್ಮಶಾಸ್ತ್ರದಲ್ಲಿ ಏನು ಬರೆದಿದೆ, ನೀನು ಹೇಗೆ ಓದುತ್ತೀ ಎಂದು ಯೇಸು ಮರುಪ್ರಶ್ನೆ ಹಾಕುತ್ತಾನೆ. ಸಾಮ್ಯವು ಕಾನೂನಿನ ಓದಿನ ನಡುವೆ ನಿಂತಿದೆ ಎಂಬುದನ್ನು ನಮ್ಮ ಪ್ರಸಂಗಗಳು ಬಿಟ್ಟುಬಿಡುತ್ತವೆ. ಆ ಆಜ್ಞೆಗಿಂತ ಎರಡೇ ವಚನ ಹಿಂದೆ, ಹದಿನಾರನೆಯ ವಚನದ ಉತ್ತರಾರ್ಧದಲ್ಲಿ, ನೆರೆಯವನ ರಕ್ತದ ವಿಷಯದಲ್ಲಿ ಸುಮ್ಮನೆ ನಿಲ್ಲಬಾರದೆಂಬ ಅರ್ಥ ಬರುವ ಚಿಕ್ಕ ಹೀಬ್ರೂ ವಾಕ್ಯವೊಂದಿದೆ. ಅದರ ಅರ್ಥ ಕ್ಲಿಷ್ಟವಾದುದು. ಕೆಲವು ಭಾಷಾಂತರಗಳು ಅದನ್ನು ನ್ಯಾಯಸ್ಥಾನದಲ್ಲಿ ಒಬ್ಬನ ಪ್ರಾಣಕ್ಕೆ ಸಂಚಕಾರ ತರುವುದಕ್ಕೆ ಸೀಮಿತಗೊಳಿಸುತ್ತವೆ. ಪೂರ್ವಾರ್ಧದಲ್ಲಿ ಚಾಡಿ ಹೇಳುತ್ತ ತಿರುಗುವುದನ್ನು ನಿಷೇಧಿಸಿರುವುದರಿಂದ ಆ ಓದಿಗೂ ಆಧಾರವಿದೆ. ಆದರೆ ಯೆಹೂದಿ ಗುರುಗಳು ಅದನ್ನು ಬೇರೆ ರೀತಿಯಲ್ಲಿ ಓದಿದರು.

ಬಾಬಿಲೋನಿನ ತಾಲ್ಮೂದಿನ ಸನ್ಹೆದ್ರಿನ್ ಭಾಗದ 73ನೆಯ ಹಾಳೆಯಲ್ಲಿ ಪ್ರಶ್ನೆಯೊಂದು ಎದ್ದಿದೆ: ತನ್ನ ಜೊತೆಯವನು ನದಿಯಲ್ಲಿ ಮುಳುಗುತ್ತಿರುವುದನ್ನು ಕಂಡವನು ಅವನನ್ನು ಉಳಿಸಲೇಬೇಕೆಂಬುದಕ್ಕೆ ಆಧಾರವೆಲ್ಲಿ? ಉತ್ತರವಾಗಿ ಈ ವಚನವನ್ನು ಕೊಡಲಾಗುತ್ತದೆ. ಚರ್ಚೆ ಅಲ್ಲಿಗೆ ನಿಲ್ಲುವುದಿಲ್ಲ. ಕಳೆದುಹೋದದ್ದನ್ನು ಒಡೆಯನಿಗೆ ಮರಳಿಸಬೇಕೆಂಬ ಧರ್ಮೋಪದೇಶಕಾಂಡದ ಆಜ್ಞೆಯಿಂದಲೇ ಕಳೆದುಹೋಗುತ್ತಿರುವ ಪ್ರಾಣವನ್ನೂ ಮರಳಿಸಬೇಕೆಂಬುದು ಸಿದ್ಧವಾಗುವುದಿಲ್ಲವೇ, ಹಾಗಿದ್ದರೆ ಈ ಇನ್ನೊಂದು ವಚನ ಏಕೆ ಬೇಕು ಎಂದು ಗುರುಗಳು ತಾವೇ ಆಕ್ಷೇಪಿಸುತ್ತಾರೆ. ಸಮಾಧಾನ ಹೀಗಿದೆ: ಮೊದಲನೆಯ ಆಜ್ಞೆ ಮಾತ್ರ ಇದ್ದಿದ್ದರೆ, ತಾನೊಬ್ಬನೇ ಕೈಲಾದಷ್ಟು ಮಾಡಿದರೆ ಸಾಕೆಂದು ಭಾವಿಸಬಹುದಿತ್ತು; ಶ್ರಮಪಟ್ಟು, ಕೂಲಿ ಕೊಟ್ಟು ಇತರರನ್ನು ನೇಮಿಸಿಯಾದರೂ ಉಳಿಸಬೇಕೆಂಬುದನ್ನು ಕಲಿಸಲು ಎರಡನೆಯದು ಬೇಕಾಯಿತು.

ಈ ಪುಟವನ್ನು ಓದಿದವರಿಗೆ, ಸೇವಾಸಂಸ್ಥೆಗಳು ಹಣ ಸಂಗ್ರಹಿಸಿ, ನಾವಿಕರನ್ನು ನೇಮಿಸಿ, ಹಡಗನ್ನು ಕಳುಹಿಸುವುದು ಕರುಣೆಯ ಅತಿರೇಕವಾಗಿ ಕಾಣಲಾರದು. ಇಲ್ಲಿ ಸಮಾರ್ಯದವನ ಮನಸ್ಸಿನೊಳಗೆ ಏನಾಯಿತೆಂಬ ಪ್ರಶ್ನೆಯೇ ಇಲ್ಲ. ಅವನ ಹೃದಯ ಕರಗಿತೋ ಇಲ್ಲವೋ, ಮುಳುಗುವವನನ್ನು ಎತ್ತಬೇಕು. ಎತ್ತಲು ಕೈ ಸಾಲದಿದ್ದರೆ ಕೈಗಳನ್ನು ಬಾಡಿಗೆಗೆ ತರಬೇಕು. ಜರ್ಮನಿಯ ಪ್ರೊಟೆಸ್ಟೆಂಟ್ ಸಭೆ ಮಾಡಿದ್ದು ಅದನ್ನೇ. 2019ರ ಜೂನ್‌ನಲ್ಲಿ ಡಾರ್ಟ್‌ಮುಂಡ್‌ನಲ್ಲಿ ಸೇರಿದ ಸಭಾಸಮ್ಮೇಳನದಲ್ಲಿ ಹಡಗೊಂದನ್ನು ಕಳುಹಿಸಬೇಕೆಂಬ ಠರಾವು ಬಂದಿತು. ಅದರ ಮುಕ್ತಾಯದ ಆರಾಧನೆಯಲ್ಲಿ ಪ್ರಸಂಗಿಸಿದ ಸಾಂದ್ರಾ ಬಿಲ್ಸ್ ಅವರು, ಮನುಷ್ಯರನ್ನು ಮುಳುಗಲು ಬಿಡುವುದಿಲ್ಲ, ಮಾತು ಅಲ್ಲಿಗೆ ಮುಗಿಯಿತು ಎಂಬ ಅರ್ಥದ ಒಂದು ವಾಕ್ಯವನ್ನು ಹೇಳಿದರು. ಅದೇ ವರ್ಷದ ಕೊನೆಯಲ್ಲಿ 'ಯುನೈಟೆಡ್ ಫಾರ್ ರೆಸ್ಕ್ಯೂ' ಎಂಬ ಒಕ್ಕೂಟ ರೂಪುಗೊಂಡಿತು. 2020ರ ಆಗಸ್ಟ್‌ನಲ್ಲಿ 'ಸೀ-ವಾಚ್ 4' ಸಮುದ್ರಕ್ಕಿಳಿಯಿತು. ಬಿಲ್ಸ್ ಅವರ ಆ ವಾಕ್ಯದಲ್ಲಿ ಕಣ್ಣೀರಿಲ್ಲ, ವಿಶೇಷಣವಿಲ್ಲ. ಅದರ ರಚನೆ ಯಾಜಕಕಾಂಡದ ನಿಷೇಧಾಜ್ಞೆಯದು. ಸಮಾರ್ಯದವನನ್ನು ಕುರಿತ ನೂರು ಪ್ರಸಂಗಗಳಿಗಿಂತ ಅದು ಹೆಚ್ಚು ನಿಖರವಾದ ದೈವಶಾಸ್ತ್ರವೆಂದು ಈ ಲೇಖಕನ ಅಭಿಪ್ರಾಯ.

ಹದಿನಾರನೆಯ ವಚನದ ಪೂರ್ವಾರ್ಧವೂ ಇಲ್ಲಿ ವ್ಯರ್ಥವಾಗಿ ನಿಂತಿಲ್ಲ. 2017ರ ವಸಂತದಲ್ಲಿ ಇಟಲಿಯ ರಾಜಕಾರಣಿ ಲೂಯಿಜಿ ದಿ ಮಾಯೊ ಅವರು ಈ ಹಡಗುಗಳನ್ನು ಸಮುದ್ರದ ಟ್ಯಾಕ್ಸಿಗಳೆಂದು ಕರೆದರು. ಆ ಮಾತು ಪತ್ರಿಕೆಗಳಲ್ಲಿಯೂ ಮನೆಮಾತಿನಲ್ಲಿಯೂ ಹರಡಿತು. ಆಗಸ್ಟ್ 2ರಂದು ಬರ್ಲಿನ್ನಿನ ಯುವಜನರ ಸಂಸ್ಥೆಯೊಂದರ 'ಯುವೆಂತಾ' ಹಡಗು ಜಪ್ತಿಯಾಯಿತು. ಅದರ ಸಿಬ್ಬಂದಿ ಕಳ್ಳಸಾಗಣೆದಾರರೊಡನೆ ಸೇರಿಕೊಂಡಿದ್ದರೆಂಬುದು ಆರೋಪ. ಪ್ರಾಥಮಿಕ ವಿಚಾರಣೆ ಆರಂಭವಾದದ್ದು 2022ರ ಮೇ ತಿಂಗಳಲ್ಲಿ. 2024ರ ಏಪ್ರಿಲ್ 19ರಂದು ತ್ರಾಪಾನಿಯ ನ್ಯಾಯಾಧೀಶರು ಮೊಕದ್ದಮೆಯನ್ನೇ ಮುಂದುವರಿಸಲಾಗದೆಂದು ತೀರ್ಪಿತ್ತರು. ಅದಕ್ಕೆ ಮುಂಚೆ ಅಭಿಯೋಜಕರೇ ಆರೋಪವನ್ನು ಕೈಬಿಡಲು ಕೇಳಿಕೊಂಡಿದ್ದರು. ಏಳು ವರ್ಷಗಳ ಕಾಲ ಹಡಗು ಬಂದರಿನಲ್ಲಿ ತುಕ್ಕು ಹಿಡಿಯಿತು. ಶಿಕ್ಷೆಯಾಗಲಿಲ್ಲ, ಆದರೆ ಹಡಗೂ ಇಲ್ಲವಾಯಿತು. ಚಾಡಿಯು ರಕ್ತದ ಮುಂದೆ ಸುಮ್ಮನೆ ನಿಲ್ಲಲು ದಾರಿ ಮಾಡಿಕೊಡುತ್ತದೆಂಬುದನ್ನು ಒಂದೇ ವಚನದಲ್ಲಿ ಜೋಡಿಸಿದ ಯಾಜಕನಿಗೆ ಸಮಾಜದ ನಡೆ ಚೆನ್ನಾಗಿ ತಿಳಿದಿತ್ತು.

ನಮ್ಮ ಪ್ರಸಂಗಗಳಿಗಿಂತ ನ್ಯಾಯಸ್ಥಾನ ಹೇಗೆ ಉತ್ತಮವಾಗಿ ಓದಿತೆಂಬುದಕ್ಕೆ 'ಸೀ-ವಾಚ್ 3' ಹಡಗಿನ ಮೊಕದ್ದಮೆ ಸಾಕ್ಷಿ. 2019ರ ಜೂನ್ 12ರಂದು ಆ ಹಡಗು ಲಿಬಿಯಾದ ಹೊರಗಿನ ಸಮುದ್ರದಲ್ಲಿ 53 ಜನರನ್ನು ರಕ್ಷಿಸಿತು. ಎರಡು ದಿನಗಳ ನಂತರ ಇಟಲಿ ಸರಕಾರವು ಸುಗ್ರೀವಾಜ್ಞೆಯ ಮೂಲಕ ಇಂತಹ ಹಡಗುಗಳ ಪ್ರವೇಶವನ್ನು ತಡೆಯುವ ಅಧಿಕಾರವನ್ನು ಗೃಹಮಂತ್ರಿಗೆ ಕೊಟ್ಟಿತು. ಎರಡು ವಾರಕ್ಕೂ ಮೇಲ್ಪಟ್ಟು ಕಾದ ಬಳಿಕ, ಜೂನ್ 29ರ ನಸುಕಿನಲ್ಲಿ, ಕಪ್ತಾನರಾದ ಕರೋಲಾ ರಾಕೆಟೆ ಅವರು ನಿಷೇಧವನ್ನು ಮೀರಿ ಹಡಗನ್ನು ಲಾಂಪೆದೂಸಾದ ಬಂದರಿಗೆ ತಂದರು, ಅಡ್ಡ ಬಂದ ಕಾವಲು ದೋಣಿಗೆ ಹಡಗು ತಾಗಿತು, ಅವರು ಬಂಧಿತರಾದರು. ಜಗತ್ತಿನ ಪತ್ರಿಕೆಗಳು ಅವರನ್ನು ಸೋಫೋಕ್ಲಿಸನ ಆಂತಿಗೊನೆಗೆ ಹೋಲಿಸಿದವು. ರಾಜಾಜ್ಞೆಗಿಂತ ಮೇಲಾದ ಧರ್ಮಕ್ಕಾಗಿ ಕಾನೂನನ್ನು ಮುರಿದ ವೀರಕನ್ಯೆ ಎಂಬ ಚಿತ್ರ ಎಲ್ಲರಿಗೂ ಪ್ರಿಯವಾಯಿತು. ಪ್ರಸಂಗಿಗಳಿಗೂ ಪ್ರಿಯವಾಯಿತು.

ಜುಲೈ 2ರಂದು ಅಗ್ರಿಜೆಂತೊದ ನ್ಯಾಯಾಧೀಶೆ ಆ ಚಿತ್ರವನ್ನು ಒಪ್ಪಲಿಲ್ಲ. ಇಟಲಿಯ ದಂಡಸಂಹಿತೆಯಲ್ಲಿ ಎರಡು ಬೇರೆ ಬೇರೆ ವಿಧಿಗಳಿವೆ. ಅನಿವಾರ್ಯ ಸಂಕಟದಲ್ಲಿ ತಪ್ಪು ಮಾಡಿದವನನ್ನು ಶಿಕ್ಷೆಯಿಂದ ಬಿಡುವ ವಿಧಿಯೊಂದು, 54ನೆಯದು. ಕರ್ತವ್ಯವನ್ನು ನೆರವೇರಿಸಿದವನನ್ನು ಶಿಕ್ಷಿಸಲಾಗದೆನ್ನುವ ವಿಧಿ ಇನ್ನೊಂದು, 51ನೆಯದು. ನ್ಯಾಯಾಧೀಶೆ ಆರಿಸಿಕೊಂಡದ್ದು ಎರಡನೆಯದನ್ನು. ಕಪ್ತಾನರು ಕಾನೂನನ್ನು ಮುರಿಯಲಿಲ್ಲ, ಪಾಲಿಸಿದರು. ಅಂತರರಾಷ್ಟ್ರೀಯ ಒಪ್ಪಂದಗಳು ಇಟಲಿಯ ಸಂವಿಧಾನದ ಮೂಲಕವೇ ಗೃಹಮಂತ್ರಿಯ ಆದೇಶಕ್ಕಿಂತ ಮೇಲಿನ ಸ್ಥಾನದಲ್ಲಿವೆ. 2020ರಲ್ಲಿ ಇಟಲಿಯ ಪರಮೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದು, ಜನರನ್ನು ಹಡಗಿಗೆ ಹತ್ತಿಸಿಕೊಂಡಲ್ಲಿಗೆ ರಕ್ಷಣೆ ಮುಗಿಯುವುದಿಲ್ಲವೆಂದೂ ಸುರಕ್ಷಿತ ಸ್ಥಳದಲ್ಲಿ ಇಳಿಸುವುದೂ ಅದರ ಭಾಗವೆಂದೂ ಹೇಳಿತು. 2024ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು ಈ ತರ್ಕದ ಮತ್ತೊಂದು ಮುಖವನ್ನು ತೋರಿಸಿತು. 2018ರಲ್ಲಿ ರಕ್ಷಿಸಿದ 101 ಜನರನ್ನು ಲಿಬಿಯಾದ ಕಾವಲು ಪಡೆಗೆ ಒಪ್ಪಿಸಿದ 'ಅಸ್ಸೊ 28' ಹಡಗಿನ ಕಪ್ತಾನನ ಶಿಕ್ಷೆಯನ್ನು ಅದು ಖಾಯಂಗೊಳಿಸಿತು, ಏಕೆಂದರೆ ಲಿಬಿಯಾ ಸುರಕ್ಷಿತ ಸ್ಥಳವಲ್ಲ.

ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯವನ್ನು ಹಿಡಿದು ಅಧಿಕಾರಕ್ಕೆ ಅಧೀನರಾಗಬೇಕೆಂದು ಬೋಧಿಸುವವರು ನಮ್ಮ ಸಭೆಗಳಲ್ಲಿ ಕಡಿಮೆಯಿಲ್ಲ. ಅವರಿಗೆ ಆಂತಿಗೊನೆಯ ಕಥೆಯಿಂದ ಉತ್ತರ ಸಿಗುವುದಿಲ್ಲ. ಆ ಕಥೆ ಅವರ ಭಯವನ್ನೇ ದೃಢಪಡಿಸುತ್ತದೆ. ಅಗ್ರಿಜೆಂತೊದ ತೀರ್ಪಿನಿಂದ ಸಿಗುತ್ತದೆ. ಅಲ್ಲಿ ನಡೆದದ್ದು ಆತ್ಮಸಾಕ್ಷಿಯೂ ಕಾನೂನೂ ಮಾಡಿದ ಹೋರಾಟವಲ್ಲ. ಯಾವುದು ಕಾನೂನು ಎಂಬ ಪ್ರಶ್ನೆಗೆ ಅಧಿಕಾರಿಯೂ ನ್ಯಾಯಾಧೀಶೆಯೂ ಕೊಟ್ಟ ಬೇರೆ ಬೇರೆ ಉತ್ತರಗಳು ಅವು. ಸಬ್ಬತ್ ದಿನದಲ್ಲಿ ಕೈಬತ್ತಿದವನನ್ನು ನಡುವೆ ನಿಲ್ಲಿಸಿ ಯೇಸು ಕೇಳಿದ್ದೂ ಇಂತಹ ಪ್ರಶ್ನೆಯನ್ನೇ (ಮಾರ್ಕ 3). ಸಬ್ಬತ್ತನ್ನು ಮುರಿಯಬಹುದೇ ಎಂದು ಆತನು ಕೇಳಲಿಲ್ಲ. ಪ್ರಾಣವನ್ನು ಉಳಿಸುವುದೋ ತೆಗೆಯುವುದೋ ಯಾವುದು ಸಬ್ಬತ್ತಿಗೆ ಒಪ್ಪುವಂಥದೆಂದು ಕೇಳಿದನು. ಎದುರಿಗಿದ್ದವರು ತಪ್ಪು ಹೊರಿಸಲು ಕಾದು ನೋಡುತ್ತಿದ್ದರು ಮತ್ತು ಮೌನವಾಗಿದ್ದರು.

ಕಾನೂನಿನ ಮೇಲೆ ಇಷ್ಟು ಭಾರ ಹಾಕಿದರೆ, ಕಾನೂನೇ ಬದಲಾದಾಗ ಏನಾಗುವುದು? ಆಕ್ಷೇಪ ನ್ಯಾಯವಾದುದು. 2023ರ ಜನವರಿ 2ರಂದು ಇಟಲಿ ಹೊಸ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಫೆಬ್ರವರಿಯಲ್ಲಿ ಅದು 15ನೆಯ ಕಾನೂನಾಯಿತು. ಅದನ್ನು ಓದಿದವರಿಗೆ ಅಚ್ಚರಿಯಾಗುವುದು ಅದು ರಕ್ಷಣೆಯ ಕರ್ತವ್ಯವನ್ನು ಎಲ್ಲಿಯೂ ಅಲ್ಲಗಳೆಯದಿರುವುದರಿಂದ. ರಕ್ಷಣೆ ಮಾಡಿದ ಕೂಡಲೇ ಬಂದರನ್ನು ಕೇಳಬೇಕು, ಕೊಟ್ಟ ಬಂದರಿಗೆ ತಡಮಾಡದೆ ಹೋಗಬೇಕು ಎಂದಷ್ಟೇ ಅದು ಹೇಳುತ್ತದೆ. ತಪ್ಪಿದರೆ 2,000ದಿಂದ 10,000 ಯೂರೋವರೆಗೆ ದಂಡ, ಹಡಗಿಗೆ 20 ದಿನಗಳ ತಡೆ, ಮರುಕಳಿಸಿದರೆ ಮುಟ್ಟುಗೋಲಿನವರೆಗೆ. ಅದರ ಜೊತೆಗೆ ಆಡಳಿತದ ರೂಢಿಯೊಂದು ಸೇರಿಕೊಂಡಿತು: ಸಿಸಿಲಿಯ ಬಂದರುಗಳು ಹತ್ತಿರವಿರುವಾಗ ರವೆನ್ನಾ, ಅಂಕೋನಾ, ಜಿನೋವಾದಂತಹ ದೂರದ ಉತ್ತರದ ಬಂದರುಗಳನ್ನು ಗೊತ್ತುಮಾಡುವುದು. ರವೆನ್ನಾಕ್ಕೆ ಹೋಗಲು ಸುಮಾರು ನಾಲ್ಕು ದಿನ ಬೇಕು, ಮರಳಲು ಮತ್ತೆ ಅಷ್ಟೇ. ದಾರಿಯಲ್ಲಿ ಇನ್ನೊಂದು ದೋಣಿ ಕಂಡರೆ ತಿರುಗುವುದು ತಡವೆಂದು ಎಣಿಸಲ್ಪಡಬಹುದು. ಯಾರೂ ಮುಳುಗಲಿ ಎಂದು ಈ ಕಾನೂನು ಹೇಳುವುದಿಲ್ಲ. ಉಳಿಸುವ ಹಡಗು ಉಳಿಸುವ ಜಾಗದಲ್ಲಿ ಇರದಂತೆ ನೋಡಿಕೊಳ್ಳುತ್ತದೆ. ಮೆದ್ಸಾಂ ಸಾಂ ಫ್ರೊಂತಿಯೇರ್ ವೈದ್ಯಸಂಸ್ಥೆಯು 2024ರ ಡಿಸೆಂಬರ್‌ನಲ್ಲಿ ತನ್ನ 'ಜಿಯೋ ಬಾರೆಂಟ್ಸ್' ಹಡಗಿನ ಕಾರ್ಯವನ್ನು ನಿಲ್ಲಿಸಿದಾಗ ಕೊಟ್ಟ ಕಾರಣ ಇಟಲಿಯ ಈ ಕಾನೂನುಗಳೂ ನೀತಿಗಳೂ.

ಸತ್ಯವೇದದಲ್ಲಿ ಇದಕ್ಕೆ ಹೆಸರಿದೆ, ಕೊರ್ಬಾನ್ (ಮಾರ್ಕ 7). ತಂದೆತಾಯಿಯನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ಅಲ್ಲಿ ಯಾರೂ ಅಳಿಸಲಿಲ್ಲ. ತಂದೆತಾಯಿಗೆ ಸಲ್ಲಬೇಕಾಗಿದ್ದುದನ್ನು ದೇವರಿಗೆ ಮೀಸಲೆಂದು ಘೋಷಿಸುವ ಪೂರಕ ನಿಯಮವೊಂದನ್ನು ಮಾಡಿಕೊಂಡರು. ಆಜ್ಞೆ ಅಕ್ಷರದಲ್ಲಿ ಉಳಿದು ಕಾರ್ಯದಲ್ಲಿ ಬರಿದಾಯಿತು. ಯೇಸುವಿನ ಖಂಡನೆ ಧರ್ಮಶಾಸ್ತ್ರದ ಮೇಲಲ್ಲ, ಧರ್ಮಶಾಸ್ತ್ರವನ್ನು ಹೀಗೆ ಬರಿದುಮಾಡುವ ಜಾಣತನದ ಮೇಲೆ. ನಮ್ಮ ಪ್ರಸಂಗಗಳು ಸಮಾರ್ಯದವನಲ್ಲಿಯೇ ನಿಂತರೆ ಈ ಜಾಣತನವನ್ನು ಹಿಡಿಯುವ ಸಾಧನ ನಮ್ಮ ಕೈಯಲ್ಲಿ ಇರುವುದಿಲ್ಲ. ದೂರದ ಬಂದರಿಗೆ ಹೋಗೆಂದವನು ಕರುಣೆಯನ್ನು ನಿಷೇಧಿಸಿಲ್ಲವಲ್ಲ! 2025ರಲ್ಲಿ ಇಟಲಿಯ ಸಂವಿಧಾನ ನ್ಯಾಯಾಲಯವು ಈ ಕಾನೂನನ್ನು ರದ್ದು ಮಾಡಲಿಲ್ಲ, ಆದರೆ ಪ್ರಾಣರಕ್ಷಣೆಯ ಮೂಲ ಕರ್ತವ್ಯವನ್ನು ಮೀರುವಂತೆ ಮಾಡುವ ಆದೇಶ ಬಂಧಕವಲ್ಲವೆಂದು ವ್ಯಾಖ್ಯಾನಿಸಿತು. ಕೊರ್ಬಾನಿನ ಚರ್ಚೆಯನ್ನು ಕಲಿಸುವ ಉಪಾಧ್ಯಾಯರು ಈ ತೀರ್ಪನ್ನು ಜೊತೆಗಿಟ್ಟು ಕಲಿಸಬಹುದು.

ಸರಕಾರಗಳ ಪಕ್ಷದಲ್ಲಿರುವ ಬಲವಾದ ವಾದ, ರಕ್ಷಣೆಯ ಹಡಗುಗಳಿರುವುದರಿಂದಲೇ ಜನರು ದೋಣಿ ಹತ್ತುತ್ತಾರೆಂಬುದು. 2011ರಿಂದ 2020ರವರೆಗಿನ ದಾಟುವಿಕೆಯ ಅಂಕಿಅಂಶಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದಕ್ಕೆ ಆಧಾರ ದೊರೆಯಲಿಲ್ಲ. ಅಂಕಿಗಳು ಬೇರೆಯಾಗಿದ್ದರೂ ದೈವಶಾಸ್ತ್ರದ ಉತ್ತರ ಬದಲಾಗುತ್ತಿರಲಿಲ್ಲ. ಇತರರು ಬರದಿರಲೆಂದು ಈ ಒಬ್ಬನನ್ನು ಮುಳುಗಲು ಬಿಡುವುದು ಕಾಯಫನ ಲೆಕ್ಕಾಚಾರ. ಆ ಲೆಕ್ಕದಿಂದ ಯಾರು ಸತ್ತರೆಂಬುದು ಸುವಾರ್ತೆಯನ್ನು ಓದುವವರಿಗೆ ತಿಳಿದಿದೆ. 2014ರಿಂದೀಚೆಗೆ ಮೆಡಿಟರೇನಿಯನ್‌ನಲ್ಲಿ ಸತ್ತವರೂ ಕಾಣೆಯಾದವರೂ 30,000ಕ್ಕೂ ಹೆಚ್ಚೆಂದು ಅಂತರರಾಷ್ಟ್ರೀಯ ವಲಸೆ ಸಂಘಟನೆಯ ದಾಖಲೆ ಹೇಳುತ್ತದೆ.

ಪೋಪ್ ಫ್ರಾನ್ಸಿಸ್ ಅವರ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. 2013ರ ಪ್ರಸಂಗದ ಹೃದಯ ಕಣ್ಣೀರಾಗಿತ್ತು: ಅಳುವುದನ್ನೇ ಮರೆತ ಜಗತ್ತಿನ ಮೇಲೆ ಅವರು ದುಃಖಿಸಿದರು. ಹತ್ತು ವರ್ಷಗಳ ನಂತರ, 2023ರ ಸೆಪ್ಟೆಂಬರ್ 22ರಂದು, ಮಾರ್ಸೇಲ್ಸ್‌ನಲ್ಲಿ ಸಮುದ್ರದ ಪಾಲಾದ ನಾವಿಕರ ಮತ್ತು ವಲಸಿಗರ ಸ್ಮಾರಕದ ಮುಂದೆ ನಿಂತಾಗ ಅವರು ಆರಿಸಿಕೊಂಡ ಪದ ಕರ್ತವ್ಯ. ಮುಳುಗುವವರನ್ನು ಉಳಿಸುವುದು ಮಾನವೀಯತೆಯ, ನಾಗರಿಕತೆಯ ಕರ್ತವ್ಯವೆಂದರು. ನಡುವಿನ ದಶಕದ ಮೊಕದ್ದಮೆಗಳೇ ಅವರ ಪದಕೋಶವನ್ನು ಬದಲಿಸಿದವೆಂದು ಊಹಿಸುವುದು ಅನುಚಿತವಾಗದು. ಅವರನ್ನು ಉದ್ಧರಿಸುವ ನಮ್ಮ ಪ್ರಸಂಗಗಳು ಮಾತ್ರ ಇನ್ನೂ ಲಾಂಪೆದೂಸಾದಲ್ಲಿಯೇ ಇವೆ, ಮಾರ್ಸೇಲ್ಸ್‌ಗೆ ಬಂದಿಲ್ಲ.

ಕೊನೆಯದಾಗಿ ಮಾಲ್ಟಾ. ಅಪೊಸ್ತಲರ ಕೃತ್ಯಗಳಲ್ಲಿ ಅದು ಮೆಲೀತೆ. ಒಡೆದ ಹಡಗಿನಿಂದ 276 ಮಂದಿ ಅಲ್ಲಿನ ದಡ ಸೇರಿದಾಗ ದ್ವೀಪದವರು ಮಳೆಯಲ್ಲಿ ಬೆಂಕಿ ಹಾಕಿ ಸತ್ಕರಿಸಿದ ಕಥೆಯನ್ನು ನಾವು ಇಷ್ಟಪಟ್ಟು ಹೇಳುತ್ತೇವೆ. ಅದಕ್ಕೆ ಮುಂಚಿನ ಎರಡು ವಚನಗಳನ್ನು ಬಿಟ್ಟುಬಿಡುತ್ತೇವೆ (27:42-43). ಸೆರೆಯವರು ಈಜಿ ತಪ್ಪಿಸಿಕೊಂಡಾರೆಂದು ಸಿಪಾಯಿಗಳು ಅವರನ್ನು ಕೊಲ್ಲಲು ಆಲೋಚಿಸಿದರು. ಅದು ಕ್ರೌರ್ಯದಿಂದ ಹುಟ್ಟಿದ ಆಲೋಚನೆಯಲ್ಲ. ಸೆರೆಯವನು ತಪ್ಪಿಸಿಕೊಂಡರೆ ಕಾವಲುಗಾರನೇ ತಲೆದಂಡ ಕೊಡಬೇಕಾಗುತ್ತಿತ್ತು. ಪೇತ್ರನ ಕಾವಲುಗಾರರಿಗೆ ಹಾಗೆಯೇ ಆಯಿತು (12:19). ಕಾವಲಿನ ನಿಯಮ ಒಂದು ಕಡೆ, ಮುಳುಗುವ ಹಡಗು ಇನ್ನೊಂದು ಕಡೆ. ಶತಾಧಿಪತಿಯಾದ ಯೂಲ್ಯನು ಸಿಪಾಯಿಗಳನ್ನು ತಡೆದು, ಈಜಬಲ್ಲವರು ಮೊದಲು ಹಾರಲಿ, ಉಳಿದವರು ಹಲಗೆಗಳ ಮೇಲೆ ಬರಲಿ ಎಂದು ಅಪ್ಪಣೆಕೊಟ್ಟನು. ಅಧಿಕಾರದಲ್ಲಿರುವವನೊಬ್ಬನು ಕಾವಲಿಗಿಂತ ಪ್ರಾಣ ಮೊದಲೆಂದು ತೀರ್ಮಾನಿಸಿದ ಆ ಗಳಿಗೆಯಿಲ್ಲದೆ ಮೆಲೀತೆಯ ಸತ್ಕಾರ ಸೆರೆಯವರ ಪಾಲಿಗೆ ಇರುತ್ತಿರಲಿಲ್ಲ.

ಅದೇ ದ್ವೀಪದ ಹೊರಗೆ 2020ರಲ್ಲಿ ಡೆನ್ಮಾರ್ಕಿನ 'ಮೆರ್ಸ್ಕ್ ಎಟಿಯೆನ್' ಎಂಬ ತೈಲದ ಹಡಗು, ಅಧಿಕಾರಿಗಳ ಕೋರಿಕೆಯ ಮೇರೆಗೆ ತಾನು ಎತ್ತಿಕೊಂಡ 27 ಜನರೊಡನೆ 38 ದಿನ ಕಾಯಬೇಕಾಯಿತು. ಮುಂದಿನ ಸಲ ದೂರದಲ್ಲಿ ದೋಣಿ ಕಂಡಾಗ ವಾಣಿಜ್ಯದ ಹಡಗಿನವನ ಮನಸ್ಸಿಗೆ ಏನು ಬಂದೀತು? 2019ರ ಮಾರ್ಚ್‌ನಲ್ಲಿ 'ಎಲ್ ಹಿಬ್ಲು' ಹಡಗು ನೂರಕ್ಕೂ ಮಿಕ್ಕಿ ಜನರನ್ನು ರಕ್ಷಿಸಿ ಲಿಬಿಯಾಕ್ಕೆ ತಿರುಗಿಸಲು ಹೊರಟಾಗ ಅವರು ಪ್ರತಿಭಟಿಸಿದರು. ಹಡಗು ಮಾಲ್ಟಾಕ್ಕೆ ಬಂದಿತು. ಸಿಬ್ಬಂದಿಗೂ ಜನರಿಗೂ ನಡುವೆ ದುಭಾಷಿಗಳಾಗಿ ನಿಂತ ಆಫ್ರಿಕದ ಮೂವರು ಹದಿಹರೆಯದವರನ್ನು ಬಂಧಿಸಿ ಭಯೋತ್ಪಾದನೆಯ ಆರೋಪವನ್ನೂ ಹೊರಿಸಲಾಯಿತು. ಯುರೋಪಿನ ಸಭೆಗಳು ಜರ್ಮನ್ ಕಪ್ತಾನರ ಹೆಸರು ಹೇಳಿ ಪ್ರಾರ್ಥಿಸಿದಷ್ಟು ಈ ಮೂವರ ಹೆಸರು ಹೇಳಿ ಪ್ರಾರ್ಥಿಸಲಿಲ್ಲ. ಸಮಾರ್ಯದವನ ಸಾಮ್ಯವನ್ನು ನಾವು ಓದುವ ಕ್ರಮದಲ್ಲಿ ರಕ್ಷಿಸಲ್ಪಟ್ಟವನಿಗೆ ಮಾತಿಲ್ಲ. ದಾರಿಯಲ್ಲಿ ಬಿದ್ದವನು ಎದ್ದು, ನನ್ನನ್ನು ಕಳ್ಳರ ಕೈಗೆ ಮರಳಿಸಬೇಡಿರೆಂದು ಹೇಳಿದರೆ ಏನು ಮಾಡಬೇಕೆಂಬುದು ಆ ಓದಿಗೆ ಹೊಳೆಯುವುದೇ ಇಲ್ಲ.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅನೇಕ ಸಭೆಗಳು ಸಮುದ್ರಯಾನಿಗಳ ಭಾನುವಾರವೆಂದು ಆಚರಿಸುತ್ತವೆ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಸಭೆಗಳಲ್ಲಿ ಮಗನೋ ಗಂಡನೋ ವಾಣಿಜ್ಯದ ಹಡಗಿನಲ್ಲಿರುವ ಮನೆಗಳಿವೆ, ಅವರ ಹಡಗುಗಳು ಇದೇ ಮೆಡಿಟರೇನಿಯನ್ ಸಮುದ್ರವನ್ನು ಹಾಯುತ್ತವೆ. ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲ, ಆದರೆ 1982ರ ಸಮುದ್ರ ಕಾನೂನನ್ನು 1995ರಲ್ಲಿ ಅಂಗೀಕರಿಸಿದೆ. 98ನೆಯ ವಿಧಿ ಭಾರತದ ಧ್ವಜದಡಿಯ ಕಪ್ತಾನನಿಗೂ ಅನ್ವಯಿಸುತ್ತದೆ. ಆ ಭಾನುವಾರದ ಆರಾಧನೆಗೆ ವೇದಭಾಗವನ್ನು ಆರಿಸುವವರು ಬಿರುಗಾಳಿಯನ್ನು ಶಾಂತಪಡಿಸಿದ ಕಥೆಯನ್ನು ಒಂದು ವರ್ಷದ ಮಟ್ಟಿಗೆ ಬದಿಗಿಟ್ಟು, ಯಾಜಕಕಾಂಡದ 19:16ನ್ನೂ ಅಪೊಸ್ತಲರ ಕೃತ್ಯಗಳ 27:39-44ನ್ನೂ ಓದಿಸಬಹುದು.